ಪರದೇಶದ ಕಾಯಂ ವಾಸಕ್ಕೆ ಪ್ರಾಂತ್ಯದ ನಾಮನಿರ್ದೇಶನ: ನಿರ್ಣಾಯಕವಾಗುವುದು ಊರಿನ ಕಾಗದಪತ್ರ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಜನರು ದುಡಿಮೆಗಾಗಿ ಊರು ಬಿಡುವುದು ಹೊಸ ಸಂಗತಿಯೇನಲ್ಲ. ಕೊಲ್ಲಾಪುರ, ಇಚಲಕರಂಜಿ, ಪುಣೆ, ಗೋವಾಗಳ ದಾರಿ ಇಲ್ಲಿಯವರಿಗೆ ತಲೆಮಾರುಗಳಿಂದ ಪರಿಚಿತ. ಎಂಜಿನಿಯರಿಂಗ್, ನರ್ಸಿಂಗ್ ಅಥವಾ ಐ.ಟಿ.ಐ. ಮುಗಿಸಿ ನಾಲ್ಕಾರು ವರ್ಷ ಕೆಲಸ ಮಾಡಿದವರಿಗೆ ಇನ್ನೂ ದೂರದ ದಾರಿಯೊಂದಿದೆ. ಆಸ್ಟ್ರೇಲಿಯಾದ ರಾಜ್ಯಗಳು, ಕೆನಡಾದ ಪ್ರಾಂತ್ಯಗಳು ತಮಗೆ ಬೇಕಾದ ಕುಶಲ ಕೆಲಸಗಾರರನ್ನು ತಾವೇ ಆರಿಸಿ, ಅವರಿಗೆ ಕಾಯಂ ವಾಸದ ಹಕ್ಕು ನೀಡುವಂತೆ ತಮ್ಮ ಕೇಂದ್ರ ಸರಕಾರಕ್ಕೆ ಹೆಸರು ಸೂಚಿಸುವ ವ್ಯವಸ್ಥೆ ಅದು. ಪ್ರಾಂತ್ಯದ ನಾಮನಿರ್ದೇಶನ ಎಂದು ಕರೆಯಲಾಗುವ ಈ ವ್ಯವಸ್ಥೆಯ ಬಗ್ಗೆ ತಿಳಿವಳಿಕೆಗಿಂತ ವದಂತಿಯೇ ಹೆಚ್ಚು. ಅರ್ಜಿ ಗೆಲ್ಲುವುದೂ ಸೋಲುವುದೂ ಮೆಲ್ಬರ್ನ್ ಅಥವಾ ಟೊರಾಂಟೊದಲ್ಲಿ ಎಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಅದರ ಬಹುಪಾಲು ತೀರ್ಮಾನವಾಗುವುದು ಅರ್ಜಿದಾರನ ಶಾಲಾ ದಾಖಲೆ, ಸಂಬಳದ ಚೀಟಿ ಮತ್ತು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ.

ಶಿಫಾರಸು ಬೇರೆ, ವೀಸಾ ಬೇರೆ

ವಲಸಿಗರು ಸಾಮಾನ್ಯವಾಗಿ ದೊಡ್ಡ ನಗರಗಳಲ್ಲಿಯೇ ನೆಲೆಸುತ್ತಾರೆ. ಸಿಡ್ನಿ, ಟೊರಾಂಟೊಗಳು ತುಂಬಿ ತುಳುಕುವಾಗ ಒಳನಾಡಿನ ಆಸ್ಪತ್ರೆಗೆ ದಾದಿಯರಿಲ್ಲ, ಕಾರ್ಖಾನೆಗೆ ಫಿಟರುಗಳಿಲ್ಲ ಎಂಬ ದೂರು ಎರಡೂ ದೇಶಗಳಲ್ಲಿ ಹಳೆಯದು. ಈ ಅಸಮತೋಲನವನ್ನು ಸರಿಪಡಿಸುವ ಸಲುವಾಗಿ 1990ರ ದಶಕದಲ್ಲಿ ಪ್ರಾಂತ್ಯಗಳಿಗೂ ಆಯ್ಕೆಯಲ್ಲಿ ಪಾಲು ಕೊಡಲಾಯಿತು. ಕೆನಡಾದಲ್ಲಿ ಮ್ಯಾನಿಟೋಬಾ ಪ್ರಾಂತ್ಯ 1998ರಲ್ಲಿ ಇದಕ್ಕೆ ಒಪ್ಪಂದ ಮಾಡಿಕೊಂಡಿತು. ಇಂದು ತನ್ನದೇ ಪ್ರತ್ಯೇಕ ಪದ್ಧತಿಯಿರುವ ಕ್ವಿಬೆಕ್ ಹಾಗೂ ಇಂಥ ಯೋಜನೆಯೇ ಇಲ್ಲದ ನುನಾವುಟ್ ಹೊರತು ಉಳಿದ 11 ಪ್ರಾಂತ್ಯ ಮತ್ತು ಪ್ರದೇಶಗಳು ನಾಮನಿರ್ದೇಶನ ಮಾಡುತ್ತವೆ.

ನಾಮನಿರ್ದೇಶನವೆಂದರೆ ವೀಸಾ ಅಲ್ಲ. ರಾಜ್ಯ ಅಥವಾ ಪ್ರಾಂತ್ಯವು ಹೆಸರು ಸೂಚಿಸುತ್ತದೆಯಷ್ಟೇ. ಆರೋಗ್ಯ, ನಡತೆ, ದಾಖಲೆಗಳ ಸತ್ಯಾಸತ್ಯತೆ ಪರಿಶೀಲಿಸಿ ವೀಸಾ ನೀಡುವ ಅಥವಾ ನಿರಾಕರಿಸುವ ಅಧಿಕಾರ ಕೇಂದ್ರ ಸರಕಾರದ್ದು. ನಾಮನಿರ್ದೇಶನ ಪತ್ರ ಕೈಗೆ ಬಂದ ದಿನವೇ ಹಾಲಿ ನೌಕರಿಗೆ ರಾಜೀನಾಮೆ ಕೊಡುವುದು ಅವಸರದ ನಿರ್ಧಾರವಾದೀತು.

ಆಸ್ಟ್ರೇಲಿಯಾದ ಎರಡು ಬಾಗಿಲು

ಆಸ್ಟ್ರೇಲಿಯಾದಲ್ಲಿ ರಾಜ್ಯದ ನಾಮನಿರ್ದೇಶನದಿಂದ ದೊರೆಯುವ ವೀಸಾಗಳು ಎರಡು. 190 ಎಂಬ ಸಂಖ್ಯೆಯದು ಮೊದಲ ದಿನದಿಂದಲೇ ಕಾಯಂ ವಾಸದ ಹಕ್ಕು ನೀಡುತ್ತದೆ. 491 ಎಂಬುದು 5 ವರ್ಷದ ತಾತ್ಕಾಲಿಕ ವೀಸಾ. 2019ರ ನವೆಂಬರ್ 16ರಂದು ಜಾರಿಗೆ ಬಂದ ಇದನ್ನು ಪಡೆದವರು ನಿಗದಿತ ಪ್ರಾದೇಶಿಕ ವಲಯದಲ್ಲಿಯೇ ವಾಸಿಸಬೇಕು, ಅಲ್ಲಿಯೇ ದುಡಿಯಬೇಕು, ಓದುವುದಿದ್ದರೂ ಅಲ್ಲಿಯೇ ಓದಬೇಕು. ಮೂರು ವರ್ಷ ಹೀಗೆ ಕಳೆದು, ಮೂರು ವರ್ಷಗಳ ಆದಾಯ ತೆರಿಗೆ ನಿರ್ಧಾರ ಪತ್ರಗಳನ್ನು ಸಲ್ಲಿಸಿದರೆ 191 ಎಂಬ ಕಾಯಂ ವೀಸಾಕ್ಕೆ ಅರ್ಜಿ ಹಾಕಬಹುದು.

'ಪ್ರಾದೇಶಿಕ' ಎಂದೊಡನೆ ಮರುಭೂಮಿಯ ಅಂಚಿನ ಹಳ್ಳಿಯನ್ನು ಊಹಿಸಬೇಕಿಲ್ಲ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಮಹಾನಗರಗಳನ್ನು ಬಿಟ್ಟರೆ ಉಳಿದ ದೇಶವೆಲ್ಲ ಈ ಲೆಕ್ಕದಲ್ಲಿ ಪ್ರಾದೇಶಿಕವೇ. ಪರ್ತ್, ಅಡಿಲೇಡ್, ಕ್ಯಾನ್‌ಬೆರಾಗಳೂ ಇದರಲ್ಲಿ ಸೇರಿವೆ. ಕ್ವೀನ್ಸ್‌ಲ್ಯಾಂಡಿನ ಮ್ಯಾಕೆ, ಬಂಡಬರ್ಗ್ ಊರುಗಳಂತೂ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳ ಸೀಮೆ. ಘಟಪ್ರಭಾ, ಹಿರಣ್ಯಕೇಶಿ ನದಿಗಳ ದಂಡೆಯಿಂದ ಹೋದವರಿಗೆ ಕಾರ್ಖಾನೆಯ ವಾಸನೆ ಪರಿಚಿತವೆನಿಸೀತು. ಕಬ್ಬು ಕಡಿಯುವ ಗ್ಯಾಂಗು ಮಾತ್ರ ಅಲ್ಲಿ ಕಾಣಸಿಗದು, ಕಟಾವು ಸಂಪೂರ್ಣ ಯಂತ್ರಗಳದ್ದು.

190ರ ವೀಸಾ ಪಡೆದವರು ನಾಮನಿರ್ದೇಶನ ಮಾಡಿದ ರಾಜ್ಯದಲ್ಲಿ ಎರಡು ವರ್ಷ ಇರುವುದಾಗಿ ಮಾತು ಕೊಡುತ್ತಾರೆ. ಅದು ವೀಸಾದ ಷರತ್ತಲ್ಲ, ಕೊಟ್ಟ ಮಾತು. 491ರಲ್ಲಿ ವಾಸದ ನಿರ್ಬಂಧ ವೀಸಾದ ಷರತ್ತೇ ಆಗಿದ್ದು, ಮುರಿದರೆ ವೀಸಾ ರದ್ದಾಗಬಹುದು. ಈ ಅಂತರವನ್ನು ತಿಳಿಯದೆ 'ಎರಡೂ ಪಿ.ಆರ್. ವೀಸಾ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಸಲಹೆಗಾರರಿಗೆ ಕೊರತೆಯಿಲ್ಲ.

2024-25ರ ಸಾಲಿನಲ್ಲಿ ಆಸ್ಟ್ರೇಲಿಯಾ ನಿಗದಿಪಡಿಸಿದ್ದ 1,85,000 ಕಾಯಂ ಸ್ಥಾನಗಳಲ್ಲಿ ರಾಜ್ಯ ನಾಮನಿರ್ದೇಶನಕ್ಕೆ 33,000, ಪ್ರಾದೇಶಿಕ ವರ್ಗಕ್ಕೆ 33,000 ಮೀಸಲಾಗಿದ್ದವು. ಸಂಖ್ಯೆ ದೊಡ್ಡದಾಗಿ ಕಂಡರೂ ಅರ್ಜಿದಾರರ ಜೊತೆ ಬರುವ ಪತಿ, ಪತ್ನಿ, ಮಕ್ಕಳೂ ಇದೇ ಲೆಕ್ಕದಲ್ಲಿರುತ್ತಾರೆ. ಅಲ್ಲದೆ ಹಲವು ರಾಜ್ಯಗಳು ಈಗಾಗಲೇ ತಮ್ಮಲ್ಲಿ ಓದಿದ, ದುಡಿಯುತ್ತಿರುವ ವಲಸಿಗರಿಗೇ ಮೊದಲ ಮಣೆ ಹಾಕುತ್ತವೆ. ಗೋಕಾಕದಲ್ಲಿ ಕುಳಿತು ನೇರ ಅರ್ಜಿ ಹಾಕುವವರಿಗೆ ಉಳಿಯುವ ಪಾಲು ಸಣ್ಣದು.

ಅಂಕಗಳ ಲೆಕ್ಕ, ವಯಸ್ಸಿನ ಗಡಿಯಾರ

ಆಸ್ಟ್ರೇಲಿಯಾದ ಪದ್ಧತಿಯಲ್ಲಿ ಕನಿಷ್ಠ 65 ಅಂಕ ಇರಬೇಕು. ಆದರೆ ಅದು ಸಾಲಿನಲ್ಲಿ ನಿಲ್ಲುವ ಅರ್ಹತೆ ಮಾತ್ರ. ಆಹ್ವಾನ ಬರುವುದು ಹೆಚ್ಚು ಅಂಕದವರಿಗೆ. ಲೆಕ್ಕ ಹೇಗೆಂಬುದಕ್ಕೆ ಒಂದು ಉದಾಹರಣೆ ಸಾಕು. ಹುಕ್ಕೇರಿ ತಾಲೂಕಿನ ನಿಡಸೋಶಿಯ ಹಿರಾಶುಗರ್ ತಾಂತ್ರಿಕ ಕಾಲೇಜಿನಲ್ಲಿ ಬಿ.ಇ. ಮುಗಿಸಿ, 6 ವರ್ಷ ತನ್ನದೇ ಕ್ಷೇತ್ರದಲ್ಲಿ ಕೆಲಸ ಮಾಡಿದ, 30 ವರ್ಷದ ಅವಿವಾಹಿತ ಎಂಜಿನಿಯರನೊಬ್ಬನನ್ನು ಊಹಿಸಿಕೊಳ್ಳಬಹುದು. ವಯಸ್ಸಿಗೆ 30, ಪದವಿಗೆ 15, ಅನುಭವಕ್ಕೆ 10, ಅವಿವಾಹಿತನೆಂಬುದಕ್ಕೆ 10, ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ನಾಲ್ಕೂ ವಿಭಾಗದಲ್ಲಿ 7 ಬಂದರೆ 10. ಒಟ್ಟು 75. ಇದಕ್ಕೆ 190ರ ನಾಮನಿರ್ದೇಶನ 5 ಅಂಕ ಸೇರಿಸಿದರೆ 491ರದು 15 ಅಂಕ ಸೇರಿಸುತ್ತದೆ. ತಾತ್ಕಾಲಿಕ ವೀಸಾದ ಕಡೆ ಅರ್ಜಿದಾರರು ವಾಲುವುದು ಈ 10 ಅಂಕದ ಅಂತರದಿಂದಲೇ.

ಇದೇ ಎಂಜಿನಿಯರು 33ನೇ ಹುಟ್ಟುಹಬ್ಬ ದಾಟಿದ ಮರುದಿನ ವಯಸ್ಸಿನ 5 ಅಂಕ ಕಳೆದುಕೊಳ್ಳುತ್ತಾನೆ. 40 ದಾಟಿದರೆ ಇನ್ನೂ 10. ಆಹ್ವಾನ ಬರುವ ದಿನಕ್ಕೆ 45 ತುಂಬಿದ್ದರೆ ಬಾಗಿಲೇ ಮುಚ್ಚುತ್ತದೆ. ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನದ ವಯಸ್ಸಲ್ಲ, ಆಹ್ವಾನದ ದಿನದ ವಯಸ್ಸು. ಕಾಗದಪತ್ರ ಹೊಂದಿಸುವುದರಲ್ಲಿ ಎರಡು ವರ್ಷ ಕಳೆದವರು ತೆರುವ ಬೆಲೆ ಇದು.

ಕನ್ನಡಿಗರು ಹೆಚ್ಚಾಗಿ ಗಮನಿಸದ 5 ಅಂಕವೊಂದಿದೆ. ಆಸ್ಟ್ರೇಲಿಯಾದ ಭಾಷಾಂತರ ಪ್ರಾಧಿಕಾರವಾದ ನಾಟಿ ನಡೆಸುವ ಸಮುದಾಯ ಭಾಷೆಯ ಪರೀಕ್ಷೆಯಲ್ಲಿ ಕನ್ನಡವೂ ಇದೆ. ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಕನ್ನಡ ಮಾತನಾಡುವ ಎರಡು ಸಂಭಾಷಣೆಗಳನ್ನು ಕೇಳಿಸಲಾಗುತ್ತದೆ. ಒಂದೊಂದೂ ಸುಮಾರು 300 ಪದಗಳದ್ದು. ಅಭ್ಯರ್ಥಿ ಮಾತುಮಾತಿಗೂ ಈ ಭಾಷೆಯಿಂದ ಆ ಭಾಷೆಗೆ ತಿರುಗಿಸಿ ಹೇಳಬೇಕು. 90ಕ್ಕೆ 63 ಬಂದರೆ ಉತ್ತೀರ್ಣ. ಪ್ರತಿ ಸಂಭಾಷಣೆಯಲ್ಲಿ 45ಕ್ಕೆ 29 ಕಡ್ಡಾಯ. ವಿಷಯ ಬಹುತೇಕ ಆಸ್ಪತ್ರೆ, ಬಾಡಿಗೆ ಮನೆ, ವಿಮೆ, ಪೊಲೀಸ್ ಠಾಣೆ, ಶಾಲೆಗೆ ಸಂಬಂಧಿಸಿದ್ದು. ದಿನವಿಡೀ ಅರ್ಧ ಇಂಗ್ಲಿಷಿನಲ್ಲಿ ಕನ್ನಡ ಮಾತಾಡುವ ಪದವೀಧರರಿಗೆ ತೊಡಕಾಗುವುದು ಇಂಗ್ಲಿಷಲ್ಲ, ಕನ್ನಡವೇ.

ಕೆನಡಾ: 600 ಅಂಕ ಮತ್ತು ಬ್ಯಾಂಕಿನ ಬಾಕಿ

ಕೆನಡಾದ ಕೇಂದ್ರ ಪದ್ಧತಿ 2015ರ ಜನವರಿಯಿಂದ ಎಕ್ಸ್‌ಪ್ರೆಸ್ ಎಂಟ್ರಿ ಹೆಸರಿನಲ್ಲಿ ನಡೆಯುತ್ತಿದೆ. 1,200 ಅಂಕಗಳ ಈ ಲೆಕ್ಕದಲ್ಲಿ ಪ್ರಾಂತ್ಯದ ನಾಮನಿರ್ದೇಶನವೊಂದಕ್ಕೇ 600 ಅಂಕ. ಅದನ್ನು ಪಡೆದವರಿಗೆ ಆಹ್ವಾನ ಬಹುತೇಕ ಖಚಿತ. 45 ದಾಟಿದವರಿಗೆ ಬಾಗಿಲು ಮುಚ್ಚದಿದ್ದರೂ ವಯಸ್ಸಿನ ಅಂಕ ಸೊನ್ನೆಯಾಗುತ್ತದೆ. 20ರಿಂದ 29ರ ಅವಿವಾಹಿತರಿಗೆ ಸಿಗುವುದು 110.

ಕೃಷಿಕ ಕುಟುಂಬಗಳು ಎಡವುವುದು ಹಣದ ಸಾಕ್ಷಿಯಲ್ಲಿ. ಕೆನಡಾದಲ್ಲಿ ಉದ್ಯೋಗದ ಭರವಸೆ ಇಲ್ಲದವರು ಅಲ್ಲಿಗೆ ಹೋಗಿ ನೆಲೆಯೂರಲು ಬೇಕಾದ ಹಣ ತಮ್ಮಲ್ಲಿದೆಯೆಂದು ತೋರಿಸಬೇಕು. 2025ರಲ್ಲಿ ಒಬ್ಬ ಅರ್ಜಿದಾರನಿಗೆ ಈ ಮೊತ್ತ 15,263 ಕೆನಡಾ ಡಾಲರ್ ಆಗಿತ್ತು. ಹತ್ತು ಎಕರೆ ನೀರಾವರಿ ಕಬ್ಬಿನ ಜಮೀನು ಇದ್ದರೂ ಈ ಲೆಕ್ಕಕ್ಕೆ ಬಾರದು. ಸ್ಥಿರಾಸ್ತಿಯ ಬೆಲೆಯನ್ನು ಕೆನಡಾ ಪರಿಗಣಿಸುವುದಿಲ್ಲ. ಬಂಧುಗಳಿಂದ ಸಾಲ ತಂದು ಖಾತೆಗೆ ತುಂಬಿದ ಹಣವೂ ಒಪ್ಪಿತವಲ್ಲ. ಬ್ಯಾಂಕಿನ ಪತ್ರದಲ್ಲಿ ಕಳೆದ 6 ತಿಂಗಳ ಸರಾಸರಿ ಬಾಕಿಯನ್ನೂ ನಮೂದಿಸಬೇಕು. ಕಾರ್ಖಾನೆಯ ಕಬ್ಬಿನ ಬಿಲ್ಲು ಒಮ್ಮೆಲೆ ಜಮೆಯಾಗಿ, ವಾರದೊಳಗೆ ಸೊಸೈಟಿಯ ಸಾಲಕ್ಕೆ, ಗೊಬ್ಬರದ ಅಂಗಡಿಗೆ ಹರಿದುಹೋಗುವ ಮನೆಗಳಲ್ಲಿ ಈ ಸರಾಸರಿ ನಿಲ್ಲುವುದು ಕಷ್ಟ. ಜಮೆಯಾದ ದೊಡ್ಡ ಮೊತ್ತದ ಮೂಲ ಕೇಳಿದಾಗ ತೋರಿಸಲು ಕಾರ್ಖಾನೆಯ ಬಿಲ್ಲು, ತೂಕದ ಚೀಟಿಗಳನ್ನು ಜೋಪಾನ ಮಾಡಿರಬೇಕು.

ಪ್ರಾಂತ್ಯಗಳ ಪಾಲು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. 2024ಕ್ಕೆ 1,10,000 ಇದ್ದ ನಾಮನಿರ್ದೇಶನ ವರ್ಗದ ಗುರಿಯನ್ನು 2025ಕ್ಕೆ 55,000ಕ್ಕೆ ಇಳಿಸಲಾಯಿತು. ಇದಕ್ಕೂ ಮೊದಲು, 2024ರ ಆರಂಭದಲ್ಲಿ, ಪ್ರಿನ್ಸ್ ಎಡ್ವರ್ಡ್ ದ್ವೀಪ ಎಂಬ ಪುಟ್ಟ ಪ್ರಾಂತ್ಯ ನಾಮನಿರ್ದೇಶನಗಳನ್ನು ಶೇ. 25ರಷ್ಟು ಕಡಿತಗೊಳಿಸಿ, ಮಾರಾಟ ಹಾಗೂ ಸೇವಾ ವಲಯದವರ ಪಾಲನ್ನು ಕುಗ್ಗಿಸಿತು. ನಾಮನಿರ್ದೇಶನ ಸಿಗುವುದೆಂಬ ನಂಬಿಕೆಯಲ್ಲಿ ಅಲ್ಲಿಗೆ ಹೋಗಿ ಅಂಗಡಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದವರು, ಅವರಲ್ಲಿ ಭಾರತೀಯರೇ ಬಹಳ, ಅದೇ ವರ್ಷ ಮೇ ತಿಂಗಳಲ್ಲಿ ರಾಜಧಾನಿ ಶಾರ್ಲಟ್‌ಟೌನಿನಲ್ಲಿ ಧರಣಿ ಕುಳಿತರು, ಉಪವಾಸವನ್ನೂ ಮಾಡಿದರು. ವಿದ್ಯಾರ್ಥಿ ವೀಸಾದಲ್ಲಿ ಹೋಗಿ ಆಮೇಲೆ ಹೇಗಾದರೂ ಪಿ.ಆರ್. ಮಾಡಿಸಿಕೊಳ್ಳಬಹುದು ಎಂಬ ಲೆಕ್ಕಾಚಾರಕ್ಕೆ ಈ ಪ್ರಸಂಗ ಸಾಕಷ್ಟು ದೊಡ್ಡ ಎಚ್ಚರಿಕೆ.

ದುಡಿದದ್ದಕ್ಕೆ ಸಾಕ್ಷಿ ಎಲ್ಲಿ?

ಎರಡೂ ದೇಶಗಳು ಅರ್ಜಿದಾರನ ಕೆಲಸವನ್ನು ಹುದ್ದೆಯ ಹೆಸರಿನಿಂದ ಅಳೆಯುವುದಿಲ್ಲ, ಮಾಡಿದ ಕೆಲಸದ ವಿವರದಿಂದ ಅಳೆಯುತ್ತವೆ. 'ಇವರು ನಮ್ಮಲ್ಲಿ ಐದು ವರ್ಷ ಪ್ರಾಮಾಣಿಕವಾಗಿ ಸೇವೆ ಸಲ್ಲಿಸಿದ್ದಾರೆ, ಇವರ ಭವಿಷ್ಯ ಉಜ್ವಲವಾಗಲಿ' ಎಂಬ ಧಾಟಿಯ ಪ್ರಮಾಣಪತ್ರ ಇಲ್ಲಿ ನಿರುಪಯೋಗಿ. ಸಂಸ್ಥೆಯ ಮುದ್ರಿತ ಕಾಗದದಲ್ಲಿ ಸೇರಿದ ದಿನ, ಬಿಟ್ಟ ದಿನ, ವಾರಕ್ಕೆ ಎಷ್ಟು ತಾಸು, ಸಂಬಳ, ನಿತ್ಯದ ಕೆಲಸಗಳ ಪಟ್ಟಿ, ಸಹಿ ಮಾಡಿದವರ ಹುದ್ದೆ ಹಾಗೂ ಸಂಪರ್ಕ ವಿವರ ಇರಬೇಕು. ಇದರ ಬೆನ್ನಿಗೆ ಸಂಬಳದ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಖಾತೆ, ಫಾರ್ಮ್ 16, ಭವಿಷ್ಯ ನಿಧಿಯ ಪಾಸ್‌ಬುಕ್ ಬೇಕಾಗುತ್ತವೆ.

ತೊಡಕಿರುವುದು ಇಲ್ಲಿಯೇ. 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗೆ ಭವಿಷ್ಯ ನಿಧಿ ಕಡ್ಡಾಯವಲ್ಲ. ಸಣ್ಣ ವರ್ಕ್‌ಶಾಪು, ಗ್ಯಾರೇಜುಗಳಲ್ಲಿ ವಾರದ ಪಗಾರ ಕೈಯಲ್ಲಿಯೇ ಎಣಿಸಿ ಕೊಡುವ ರೂಢಿ. ಹತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಪಳಗಿದ ಟರ್ನರನ ಕೈಯಲ್ಲಿ ಕೌಶಲವಿದೆ, ಕಾಗದವಿಲ್ಲ. ಕಳೆದುಹೋದ ವರ್ಷಗಳಿಗೆ ಹಿಂದಿನ ದಿನಾಂಕ ಹಾಕಿ ಚೀಟಿ ಸೃಷ್ಟಿಸಿ ಕೊಡುವುದಾಗಿ ಹೇಳುವವರಿದ್ದಾರೆ. ಆ ದಾರಿ ನೇರ ನಿಷೇಧಕ್ಕೆ ಒಯ್ಯುತ್ತದೆ. ಸುಳ್ಳು ದಾಖಲೆ ಕಂಡುಬಂದರೆ ಆಸ್ಟ್ರೇಲಿಯಾ 3 ವರ್ಷ, ಗುರುತನ್ನೇ ಮರೆಮಾಚಿದ್ದರೆ 10 ವರ್ಷ ವೀಸಾ ನಿರಾಕರಿಸಬಹುದು. ಕೆನಡಾದಲ್ಲಿ ಇದು 5 ವರ್ಷ. ಪ್ರಾಮಾಣಿಕ ಉಪಾಯವೆಂದರೆ ಇಂದಿನಿಂದಲೇ ಪಗಾರವನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಂಡು, ಮೂರು ವರ್ಷದ ದಾಖಲೆ ಕಟ್ಟುವುದು. ಸ್ವಂತ ಉದ್ಯೋಗದವರಾದರೆ ಆದಾಯ ತೆರಿಗೆ ವಿವರಣೆ, ಜಿ.ಎಸ್.ಟಿ. ನೋಂದಣಿ, ಸಾಮಾನು ಖರೀದಿಯ ಬಿಲ್ಲು, ಗ್ರಾಹಕರ ಪತ್ರಗಳು ಸಾಕ್ಷಿಯಾಗುತ್ತವೆ.

ಸಕ್ಕರೆ ಕಾರ್ಖಾನೆಗಳ ನೌಕರರ ಸಮಸ್ಯೆ ಬೇರೆಯೇ ಬಗೆಯದು. ಕಬ್ಬು ನುರಿಸುವ ಹಂಗಾಮು ಮುಗಿದೊಡನೆ ಹಂಗಾಮಿ ನೌಕರರು ಮನೆಗೆ ಮರಳುತ್ತಾರೆ. ಊರಿನವರ ಲೆಕ್ಕದಲ್ಲಿ ಅವರದು 'ಎಂಟು ವರ್ಷದ ಸರ್ವಿಸು'. ಕೆನಡಾದ ಕೇಂದ್ರ ಕುಶಲ ಕೆಲಸಗಾರರ ವರ್ಗ ಕೇಳುವುದಾದರೋ ಒಂದೇ ವೃತ್ತಿಯಲ್ಲಿ ಕನಿಷ್ಠ ಒಂದು ವರ್ಷದ ಎಡೆಬಿಡದ ಪೂರ್ಣಾವಧಿ ದುಡಿಮೆ, ವಾರಕ್ಕೆ 30 ತಾಸಿನಂತೆ 1,560 ತಾಸು. ಐದೈದು ತಿಂಗಳ ಎಂಟು ತುಂಡುಗಳನ್ನು ಜೋಡಿಸಿದರೂ ಅದು ಎಡೆಬಿಡದ ಒಂದು ವರ್ಷವಾಗದು. ಹಂಗಾಮಿನ ನಂತರವೂ ಯಂತ್ರಗಳ ಬಿಚ್ಚಿ ಜೋಡಿಸುವ ಕೆಲಸದಲ್ಲಿ ಉಳಿಯುವ ಕಾಯಂ ಫಿಟರು, ಎಲೆಕ್ಟ್ರಿಷಿಯನ್ನರಿಗೆ ಈ ತೊಂದರೆಯಿಲ್ಲ. ಆ ತಿಂಗಳುಗಳ ಕೆಲಸವೂ ಪತ್ರದಲ್ಲಿ ನಮೂದಾಗಿರಬೇಕು, ಅಷ್ಟೆ. ಆಸ್ಟ್ರೇಲಿಯಾ ವಾರಕ್ಕೆ 20 ತಾಸಿನ ಕೆಲಸವನ್ನೂ ಒಪ್ಪುತ್ತದೆ, ಆದರೆ ಕಳೆದ 10 ವರ್ಷದೊಳಗಿನದ್ದನ್ನು ಮಾತ್ರ ಎಣಿಸುತ್ತದೆ.

ವೃತ್ತಿಯ ಹೆಸರನ್ನು ಸರಿಯಾಗಿ ಆರಿಸುವುದೂ ಮುಖ್ಯ. ಹುಕ್ಕೇರಿ ತಾಲೂಕಿಗೆ ವಿದ್ಯುತ್ ಹಂಚುವುದು ಹೆಸ್ಕಾಂ ಅಲ್ಲ, 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ರಾಜ್ಯದಲ್ಲಿಯೇ ಇದು ಅಪರೂಪದ ವ್ಯವಸ್ಥೆ. ಇಂಥ ಸಂಸ್ಥೆಯಲ್ಲಿ ಕಂಬ ಹತ್ತಿ ತಂತಿ ಎಳೆಯುವ ಲೈನ್‌ಮನ್ ಆಸ್ಟ್ರೇಲಿಯಾದ ಪಟ್ಟಿಯಲ್ಲಿ 342211 ಸಂಖ್ಯೆಯ ವೃತ್ತಿಯವನು. ಕಟ್ಟಡಗಳ ಒಳಗೆ ವೈರಿಂಗ್ ಮಾಡುವವನು 341111ರ ಎಲೆಕ್ಟ್ರಿಷಿಯನ್. ಐ.ಟಿ.ಐ. ಪ್ರಮಾಣಪತ್ರ ಇಬ್ಬರದೂ ಒಂದೇ ಇರಬಹುದು. ಪರೀಕ್ಷೆ, ರಾಜ್ಯಗಳ ಬೇಡಿಕೆ ಬೇರೆ ಬೇರೆ. ಮೊದಲ ಹೆಜ್ಜೆಯಲ್ಲಿ ತಪ್ಪು ಸಂಖ್ಯೆ ಆರಿಸಿದರೆ ಮುಂದಿನ ಎಲ್ಲ ಖರ್ಚೂ ವ್ಯರ್ಥ.

ಕೌಶಲ ಪರಿಶೀಲನೆಯನ್ನು ವೃತ್ತಿವಾರು ಸಂಸ್ಥೆಗಳು ನಡೆಸುತ್ತವೆ. ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ದಾದಿಯರಿಗೆ ಆನ್‌ಮ್ಯಾಕ್, ಕೈಕಸುಬಿನವರಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ. ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿಯೇ ಸೇರಿದ್ದರೂ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮೊದಲ ಶ್ರೇಣಿಯ ಕೋರ್ಸುಗಳಿಗೆ ಮಾತ್ರ ಅದರ ಲಾಭ. ಉಳಿದವರು ತಾವು ಮಾಡಿದ ಕೆಲಸದ ಮೂರು ಪ್ರಸಂಗಗಳನ್ನು ವಿವರವಾಗಿ ಬರೆದು ಒಪ್ಪಿಸಬೇಕು. ಇವನ್ನು ಸಿದ್ಧಪಡಿಸಿ ಮಾರುವ ದಂಧೆಯೂ ಇದೆ. ನಕಲನ್ನು ಪತ್ತೆ ಹಚ್ಚುವ ವ್ಯವಸ್ಥೆಯೂ ಇದೆ. ಇನ್ನು ಕೌಶಲ ಪರಿಶೀಲನೆಯಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ದಾದಿಯರು, ಎಲೆಕ್ಟ್ರಿಷಿಯನ್ನರು ಅಲ್ಲಿ ಕೆಲಸ ಆರಂಭಿಸುವಂತಿಲ್ಲ. ಅದಕ್ಕೆ ಪ್ರತ್ಯೇಕ ನೋಂದಣಿ ಅಥವಾ ಪರವಾನಿಗೆ ಬೇಕು.

ಹೆಸರು, ಜನ್ಮದಿನ, ತಾಲೂಕು

ಗೋಕಾಕದ ಕಾಲೇಜಿನಲ್ಲಿ ಬಿ.ಎಸ್‌ಸಿ. ಅಥವಾ ಬಿ.ಕಾಂ. ಓದಿದವರ ಅಂಕಪಟ್ಟಿಯ ಅಧಿಕೃತ ಪ್ರತಿ ಕೊಡುವುದು ಯಾರು ಎಂಬುದು ಓದಿದ ವರ್ಷವನ್ನು ಅವಲಂಬಿಸಿದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾದದ್ದು 2010ರಲ್ಲಿ. ಅದಕ್ಕೆ ಮೊದಲು ಪದವಿ ಮುಗಿಸಿದವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಎಂಜಿನಿಯರಿಂಗ್ ಪದವೀಧರರಿಗೆ 1998ರಲ್ಲಿ ಆರಂಭವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ನರ್ಸಿಂಗ್ ಪದವೀಧರರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 1998ಕ್ಕೆ ಮೊದಲು ಎಂಜಿನಿಯರಿಂಗ್ ಸೇರಿದವರ ದಾಖಲೆ ಹಳೆಯ ವಿಶ್ವವಿದ್ಯಾಲಯಗಳಲ್ಲಿದೆ ಎಂಬುದು ಈಗ ಹೆಚ್ಚಾಗಿ ಇತಿಹಾಸದ ಮಾತು. ಆಸ್ಟ್ರೇಲಿಯಾದ ವಯೋಮಿತಿಯನ್ನು ಅವರೆಲ್ಲ ದಾಟಿಯಾಗಿದೆ.

ಹೆಸರಿನ ಗೊಂದಲ ಈ ಭಾಗದಲ್ಲಿ ವಿಶೇಷ. ಇಲ್ಲಿಯವರ ಪೂರ್ಣ ಹೆಸರೆಂದರೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು ಬಂದರೆ ಪಾಸ್‌ಪೋರ್ಟಿನಲ್ಲಿ ಕೊನೆಗೆ ಬರುತ್ತದೆ. ಐ.ಟಿ.ಐ. ಪ್ರಮಾಣಪತ್ರದಲ್ಲಿ ಅದು ಇರುವುದೇ ಇಲ್ಲ, ಬರೀ ಇನಿಶಿಯಲ್ ಇರುತ್ತದೆ. ಬಸವ ಎಂಬುದನ್ನು ಇಂಗ್ಲಿಷಿನಲ್ಲಿ ಒಂದೆಡೆ 'ವಿ' ಅಕ್ಷರದಿಂದ, ಇನ್ನೊಂದೆಡೆ 'ಡಬ್ಲ್ಯು' ಅಕ್ಷರದಿಂದ ಬರೆದಿರುತ್ತಾರೆ. ಮದುವೆಯಾದ ಮಹಿಳೆಯರಿಗೆ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬಂದು, ಅಡ್ಡಹೆಸರೂ ಬದಲಾಗುತ್ತದೆ. ನರ್ಸಿಂಗ್ ಕೌನ್ಸಿಲಿನ ನೋಂದಣಿ ಮಾತ್ರ ತವರಿನ ಹೆಸರಿನಲ್ಲಿಯೇ ಉಳಿದಿರುತ್ತದೆ. ಅಕ್ಷರದ ಸಣ್ಣ ವ್ಯತ್ಯಾಸಗಳಿಗೆ ಇವೆರಡೂ ಒಬ್ಬರದೇ ಹೆಸರು ಎಂಬ ಅಫಿಡವಿಟ್ ಸಾಕಾಗಬಹುದು. ಜನ್ಮದಿನಾಂಕದ ವ್ಯತ್ಯಾಸಕ್ಕೆ ಅದು ಸಾಲದು. ಶಾಲೆಗೆ ಸೇರಿಸುವಾಗ ಗುರುಗಳು ಅಂದಾಜಿನಲ್ಲಿ ಜೂನ್ 1 ಎಂದು ಬರೆದುಬಿಟ್ಟ ಒಂದಿಡೀ ತಲೆಮಾರೇ ಕರ್ನಾಟಕದಲ್ಲಿದೆ. ಪಂಚಾಯಿತಿಯ ಜನನ ನೋಂದಣಿಯಲ್ಲಿ ಬೇರೆ ದಿನಾಂಕವಿದ್ದರೆ ವೀಸಾ ಅರ್ಜಿಗೆ ಮೊದಲೇ ಅದನ್ನು ಬಗೆಹರಿಸಿಕೊಳ್ಳಬೇಕು.

ಊರಿನ ಹೆಸರುಗಳೂ ಬದಲಾಗಿವೆ. 2014ರ ನವೆಂಬರ್ 1ರಂದು ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾಯಿತು. ಗೋಕಾಕ ತಾಲೂಕಿನ ಭಾಗವಾಗಿದ್ದ ಮೂಡಲಗಿ 2018ರಿಂದ ಪ್ರತ್ಯೇಕ ತಾಲೂಕು. ಹೀಗಾಗಿ ಮನೆ ಬದಲಿಸದ ವ್ಯಕ್ತಿಯ ಜನನ ಪ್ರಮಾಣಪತ್ರದಲ್ಲಿ ಗೋಕಾಕ ತಾಲೂಕು, ಆಧಾರ್‌ನಲ್ಲಿ ಮೂಡಲಗಿ ತಾಲೂಕು ಎಂದಿರುತ್ತದೆ. ಇದರಿಂದ ಅರ್ಜಿ ಬೀಳುವುದಿಲ್ಲ. ಆದರೆ ಎರಡೂ ಒಂದೇ ಊರೆಂಬುದು ಕ್ಯಾನ್‌ಬೆರಾದ ಅಧಿಕಾರಿಗೆ ಗೊತ್ತಿರಲು ಸಾಧ್ಯವಿಲ್ಲವಾದ್ದರಿಂದ ಅರ್ಜಿಯೊಡನೆ ಒಂದು ಪುಟದ ವಿವರಣೆ ಲಗತ್ತಿಸುವುದು ಲೇಸು. ಪಾಸ್‌ಪೋರ್ಟಿಗೆ ಹುಬ್ಬಳ್ಳಿಯ ಸೇವಾ ಕೇಂದ್ರ ಅಥವಾ ಬೆಳಗಾವಿಯ ಅಂಚೆ ಕಚೇರಿ ಸೇವಾ ಕೇಂದ್ರಕ್ಕೆ ಹೋಗಬಹುದು. ಪೊಲೀಸ್ ನಡತೆ ಪ್ರಮಾಣಪತ್ರವೂ ಪಾಸ್‌ಪೋರ್ಟ್ ಇಲಾಖೆಯ ಮೂಲಕವೇ ದೊರೆಯುತ್ತದೆ. ಹಿಂದೆ ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರು ಆ ದೇಶದ ಪೊಲೀಸ್ ಪತ್ರವನ್ನೂ ತರಿಸಬೇಕಾಗುತ್ತದೆ. ಅಲ್ಲಿಂದ ಹೊರಡುವ ಮುನ್ನವೇ ಪಡೆದಿದ್ದರೆ ಎಷ್ಟೋ ತಿಂಗಳ ಅಲೆದಾಟ ತಪ್ಪುತ್ತದೆ.

ಆಹ್ವಾನ ಬಂದ ಮೇಲೆ ಪೂರ್ಣ ಅರ್ಜಿ ಸಲ್ಲಿಸಲು ಎರಡೂ ದೇಶಗಳು ಕೊಡುವ ಕಾಲಾವಕಾಶ 60 ದಿನ. ಮೇಲಿನ ಯಾವ ತಿದ್ದುಪಡಿಯೂ 60 ದಿನದಲ್ಲಿ ಆಗುವಂಥದ್ದಲ್ಲ.

ಹಣ ಕೇಳುವವರು

491ರ ವೀಸಾಕ್ಕೆ ಮುಖ್ಯ ಅರ್ಜಿದಾರನ ಸರಕಾರಿ ಶುಲ್ಕ 2025ರ ಜುಲೈಯಿಂದ 4,910 ಆಸ್ಟ್ರೇಲಿಯಾ ಡಾಲರ್. ಕೆನಡಾದ ಕಾಯಂ ವಾಸದ ಶುಲ್ಕ 2024ರ ಏಪ್ರಿಲ್ ಪರಿಷ್ಕರಣೆಯಂತೆ ಒಟ್ಟು 1,525 ಕೆನಡಾ ಡಾಲರ್. ಕೌಶಲ ಪರಿಶೀಲನೆ, ಭಾಷಾ ಪರೀಕ್ಷೆ, ವೈದ್ಯಕೀಯ ತಪಾಸಣೆಯ ವೆಚ್ಚ ಪ್ರತ್ಯೇಕ. ಇದರ ಮೇಲೆ ಸಲಹೆಗಾರರಿಗೆ ಕೊಡುವುದೆಲ್ಲ ಅರ್ಜಿದಾರನ ಇಚ್ಛೆ. ಎರಡೂ ದೇಶಗಳಲ್ಲಿ ತಾನೇ ಅರ್ಜಿ ಸಲ್ಲಿಸಲು ಅಡ್ಡಿಯಿಲ್ಲ.

ಶುಲ್ಕ ಪಡೆದು ಕೆನಡಾದ ವಲಸೆ ಸಲಹೆ ನೀಡುವವರು, ಅವರು ಭಾರತದಲ್ಲಿದ್ದರೂ, ಆ ದೇಶದ ಕಾನೂನಿನಂತೆ ಪರವಾನಿಗೆ ಪಡೆದ ಸಲಹೆಗಾರರೋ ವಕೀಲರೋ ಆಗಿರಬೇಕು. ಹೆಸರನ್ನು ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ಆಸ್ಟ್ರೇಲಿಯಾದ ನೋಂದಣಿ ಕಡ್ಡಾಯವಿರುವುದು ಆ ದೇಶದೊಳಗೆ ಸಲಹೆ ನೀಡುವವರಿಗೆ ಮಾತ್ರ. ಹೀಗಾಗಿ ಊರಿನ ಸಲಹೆಗಾರ ನೋಂದಾಯಿತನಲ್ಲದಿದ್ದರೆ ಅದು ಅಪರಾಧವಲ್ಲ, ಆದರೆ ಮೋಸ ಹೋದಾಗ ಆಸ್ಟ್ರೇಲಿಯಾದಲ್ಲಿ ದೂರು ಕೇಳುವವರಿಲ್ಲ. ವಿದೇಶದ ನೌಕರಿ ಕೊಡಿಸುವ ಏಜೆಂಟರ ಸಂಗತಿ ಇನ್ನೊಂದು: ಅವರಿಗೆ ಭಾರತದ 1983ರ ವಲಸೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಯನ್ನು ಮೀರುವಂತಿಲ್ಲ.

'ನಾಮನಿರ್ದೇಶನ ಗ್ಯಾರಂಟಿ' ಎಂದು ಹೇಳುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಪ್ರಾಂತ್ಯಗಳೇ ಹಾಗೆ ಹೇಳುವುದಿಲ್ಲ. ಕೆನಡಾದ ಉದ್ಯೋಗ ಪತ್ರವನ್ನು ಹಣಕ್ಕೆ ಮಾರುವುದು ಅಲ್ಲಿ ಕಾನೂನುಬಾಹಿರ. 2023ರಲ್ಲಿ ಏಜೆಂಟನೊಬ್ಬ ಕೊಡಿಸಿದ ನಕಲಿ ಕಾಲೇಜು ಪ್ರವೇಶ ಪತ್ರಗಳ ಕಾರಣ ಭಾರತದ ಹಲವು ವಿದ್ಯಾರ್ಥಿಗಳು ಕೆನಡಾದಲ್ಲಿ ಗಡಿಪಾರಿನ ಭೀತಿ ಎದುರಿಸಿದರು. ಅವರಲ್ಲಿ ಕೆಲವರಿಗೆ ಪತ್ರ ನಕಲಿಯೆಂದು ತಿಳಿದದ್ದೇ ಕಾಯಂ ವಾಸಕ್ಕೆ ಅರ್ಜಿ ಹಾಕಿದಾಗ. ಬಂಗಾರ ಅಡವಿಟ್ಟು, ಪತ್ತಿನ ಸಂಘದಲ್ಲಿ ಸಾಲ ತೆಗೆದು ಕೊಟ್ಟ ಹಣಕ್ಕೆ ರಸೀದಿಯನ್ನೂ ಕೇಳದವರು ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ, ಅಂಕ ತಂದುಕೊಡುವ ವಯಸ್ಸನ್ನೂ.

ಊರಿನ ಜಮೀನು

ಕಾಯಂ ವಾಸದ ಹಕ್ಕು ಪಡೆದವರು ಭಾರತೀಯ ಪೌರರಾಗಿಯೇ ಉಳಿಯುತ್ತಾರೆ. ಪಾಸ್‌ಪೋರ್ಟ್ ಭಾರತದ್ದೇ. ಅನಿವಾಸಿ ಮತದಾರರೆಂದು ಹೆಸರು ನೋಂದಾಯಿಸಲೂ ಅವಕಾಶವಿದೆ. ಅಲ್ಲಿಯ ಪೌರತ್ವ ಸ್ವೀಕರಿಸಿದ ದಿನ ಮಾತ್ರ 1955ರ ಪೌರತ್ವ ಕಾಯ್ದೆಯಂತೆ ಭಾರತದ ಪೌರತ್ವ ಹೋಗುತ್ತದೆ. ಕೃಷಿ ಜಮೀನಿನ ವಿಷಯದಲ್ಲಿ ಅನಿವಾಸಿ ಭಾರತೀಯರಿಗೂ ಸಾಗರೋತ್ತರ ಪೌರರಿಗೂ ನಿಯಮ ಬಹುತೇಕ ಒಂದೇ: ಹೊಸದಾಗಿ ಕೊಳ್ಳುವಂತಿಲ್ಲ, ಭಾರತದಲ್ಲಿದ್ದಾಗ ಪಡೆದದ್ದನ್ನು, ಪಿತ್ರಾರ್ಜಿತವಾಗಿ ಬಂದದ್ದನ್ನು ಉಳಿಸಿಕೊಳ್ಳಬಹುದು.

ಅಪ್ಪನ ಜಮೀನನ್ನು ಪಾಲಿಗೋ ಲಾವಣಿಗೋ ಹಾಕಿ ಹೊರಡುವವರು ಪಹಣಿ, ಅಂದರೆ ಈ ಭಾಗದ ಮಾತಿನಲ್ಲಿ ಉತಾರ, ಯಾರ ಹೆಸರಿನಲ್ಲಿದೆಯೆಂದು ನೋಡಿಕೊಂಡು, ವಾರಸಾ ನಮೂದು ಬಾಕಿಯಿದ್ದರೆ ಮುಗಿಸಿ ಹೋಗುವುದು ಒಳ್ಳೆಯದು. ಪರದೇಶದಿಂದ ಮುಖತ್ಯಾರ ಪತ್ರ ಕಳಿಸುವುದಾದರೆ ಅದನ್ನು ಭಾರತದ ಕಾನ್ಸುಲೇಟಿನಲ್ಲಿ ದೃಢೀಕರಿಸಿರಬೇಕು. ರಾಜ್ಯಕ್ಕೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು.